ತಾಮ್ರದ ಕಂಡಿಕೆ

ನನ್ನ ಕೈಚೀಲದೊಳಗೆ ಕೈ ಹಾಕಿದರೆ ಯಾವ ವಸ್ತುವೂ ಒಂಟಿಯಾಗಿ ಹೊರಗೆ ಬರುವುದಿಲ್ಲ. ಕಪಾಟಿನ ಕೀಲಿ ಬೇಕೆಂದು ಎಳೆದರೆ ಅದರ ಬೆನ್ನಿಗೆ ಎರಡು ಸೇಫ್ಟಿ ಪಿನ್ನು, ಒಂದು ಉಗುರು ಕತ್ತರಿ, ನಾಲ್ಕಾರು ಗುಂಡುಪಿನ್ನು, ಯಾವ ಕಾಲದ್ದೋ ಒಂದು ಹೇರ್‌ಪಿನ್ನು, ಎಲ್ಲ ಕೈಕೈ ಹಿಡಿದು ದಿಂಡಿಯ ಹಾಗೆ ಸಾಲಾಗಿ ಬರುತ್ತವೆ. ಕಾರಣ ಇಷ್ಟೇ. ಚೀಲದ ತಳದಲ್ಲಿ ಸದಾ ನಾಲ್ಕೈದು ಅಯಸ್ಕಾಂತಗಳಿರುತ್ತವೆ. ಬೇರೆ ಹೆಂಗಸರ ಚೀಲದಲ್ಲಿ ಏಲಕ್ಕಿಯೋ ಅಡಿಕೆ ಹೋಳೋ ಇರಬಹುದು, ನನ್ನದರಲ್ಲಿ ಉತ್ತರ ಧ್ರುವ, ದಕ್ಷಿಣ ಧ್ರುವ. ಒಮ್ಮೆ ಎಟಿಎಂ ಕಾರ್ಡನ್ನೂ ಅದೇ ಚೀಲದಲ್ಲಿ ಇಟ್ಟು, ಅದು ಕೆಟ್ಟು, ಬ್ಯಾಂಕಿನವರು "ಇದಕ್ಕೇನ್ ಮಾಡಿದ್ರಿ ಟೀಚರ್?" ಎಂದು ಕೇಳಿದಾಗ, ಮಕ್ಕಳಿಗೆ ಕಾಂತಕ್ಷೇತ್ರ ಕಲಿಸುವ ನಾನೇ ತಲೆ ತಗ್ಗಿಸಿ ನಿಂತಿದ್ದೆ.

ಅದೇ ಚೀಲದ ಒಳಜೇಬಿನಲ್ಲಿ, ಹಳೆಯ ಕರವಸ್ತ್ರದಲ್ಲಿ ಸುತ್ತಿದ ಇನ್ನೊಂದು ವಸ್ತುವಿದೆ. ಅದರ ಮೈಗೆ ಯಾವ ಪಿನ್ನೂ ಅಂಟುವುದಿಲ್ಲ. ಗೇಣಿಗಿಂತ ಚಿಕ್ಕದಾದ ಬಿದಿರಿನ ಕೊಳವೆ, ಅದರ ಮೇಲೆ ಒತ್ತೊತ್ತಾಗಿ ಸುತ್ತಿದ ತಾಮ್ರದ ತಂತಿ, ನಡುವೆ ತೂರಿಸಿದ ಕಬ್ಬಿಣದ ದಪ್ಪ ಮೊಳೆ. ನೇಕಾರರ ಮನೆಯಲ್ಲಿ ಹುಟ್ಟಿದವರು ನೋಡಿದ ಕೂಡಲೇ ಹೇಳುತ್ತಾರೆ, ಇದು ಕಂಡಿಕೆ ಎಂದು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹೊಟ್ಟೆಯೊಳಗೆ ನೂಲು ಸುತ್ತಿ ಇಡುತ್ತಾರಲ್ಲ, ಆ ಕಂಡಿಕೆ. ಇದಕ್ಕೆ ನೂಲಿನ ಬದಲು ತಾಮ್ರ ಸುತ್ತಿದೆ, ಅಷ್ಟೇ ವ್ಯತ್ಯಾಸ. ಇದನ್ನು ಹೊತ್ತು ತಿರುಗುತ್ತಿರುವುದು ಯಾಕೆ ಎಂದು ಹೇಳಬೇಕೆಂದರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ.

ನಾನು ಮುಂಡರಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಮನೆ ಬೆಟಗೇರಿಯಲ್ಲಿ. ದಿನಾ ಬಸ್ಸು. ನನ್ನ ಅರ್ಧ ಪಾಠ ಆ ಬಸ್ಸಿನ ಕಿಟಕಿಯಲ್ಲೇ ತಯಾರಾಗುತ್ತದೆ. ಕಪ್ಪತಗುಡ್ಡದ ಕಡೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿದಾಗಲೆಲ್ಲ, ಇಷ್ಟು ವರ್ಷವಾದರೂ, ನನಗೆ ಒಳಗೊಳಗೇ ಕುಣಿಯುವಂತಾಗುತ್ತದೆ. ಒಂದು ದಿನ ಪಕ್ಕದ ಸೀಟಿನಲ್ಲಿ ಕೂತ ಅಜ್ಜಿ ಕೇಳಿದಳು:

"ಬಾಯಾರ, ಇವು ಮಳಿ ಮೋಡ ಓಡಸಾಕ ನಿಂದರ್ಸ್ಯಾರಂತಲ್ರಿ, ಖರೇನ?"

"ಇಲ್ಲಬೇ ಅಮ್ಮಾ, ಇವು ಗಾಳಿ ಮಾಡೂ ಫ್ಯಾನ್ ಅಲ್ಲ. ಗಾಳೀನ ಇವನ್ನ ತಿರಗಸತೈತಿ. ಇವು ತಿರಗಿದ್ರ ಕರೆಂಟ್ ಹುಟ್ಟತೈತಿ."

"ನಮ್ಮನ್ಯಾಗ ಕರೆಂಟ್ ಹಚ್ಚಿದ್ರ ಫ್ಯಾನ್ ತಿರಗತೈತಿ. ಇಲ್ಲಿ ಫ್ಯಾನ್ ತಿರಗಿದ್ರ ಕರೆಂಟ್ ಬರತೈತೇನು? ಉಲ್ಟಾ ಆತಲ್ಲವ್ವ!"

ನಾನು ಸೀಟಿನಿಂದ ಅರ್ಧ ಎದ್ದೇ ಬಿಟ್ಟಿದ್ದೆ. "ಹೌದ್ರಿ! ಹೌದ್ರಿ! ಅದs ನೋಡ್ರಿ!" ಎಂದು ಕೂಗಿದ್ದಕ್ಕೆ ಕಂಡಕ್ಟರು ಸ್ಟಾಪು ಬಂತೆಂದು ಸೀಟಿ ಊದಿದ. ನನ್ನ ಹತ್ತನೆಯ ತರಗತಿಯ ಮಕ್ಕಳು ಎರಡು ವಾರ ತೆಗೆದುಕೊಳ್ಳುವ ಮಾತನ್ನು ಆ ಅಜ್ಜಿ ಎರಡು ನಿಮಿಷದಲ್ಲಿ ಹೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಮುಂದಿನ ಊರಲ್ಲಿ ಇಳಿದು ಹೋದಳು. ಮೋಟರೂ ಡೈನಮೊವೂ ಒಂದೇ ಮನೆಯ ಎರಡು ಬಾಗಿಲು. ಎರಡರ ಹೊಟ್ಟೆಯಲ್ಲೂ ಇರುವುದು ಸುತ್ತಿದ ತಾಮ್ರ, ಅದರ ಪಕ್ಕ ಒಂದು ಅಯಸ್ಕಾಂತ. ಸುತ್ತುವುದು ಎಂದ ಕೂಡಲೇ ನನಗೆ ನೆನಪಾಗುವುದು ಅವ್ವ.

ಅವ್ವ ಬೆಟಗೇರಿಯ ನಮ್ಮ ಓಣಿಯಲ್ಲಿ ಕಂಡಿಕೆ ಸುತ್ತುವುದರಲ್ಲಿ ಎತ್ತಿದ ಕೈ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ, ಅವ್ವ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ರಾಟಿಯ ಮುಂದೆ ಕೂಡುತ್ತಿದ್ದಳು. ಬಲಗೈಯಲ್ಲಿ ಚಕ್ರದ ಹಿಡಿಕೆ, ಎಡಗೈಯ ಎರಡು ಬೆರಳ ನಡುವೆ ನೂಲು. ಆಕೆ ಸುತ್ತಿದ ಕಂಡಿಕೆ ಲಾಳಿಯೊಳಗೆ ಒಮ್ಮೆಯೂ ಸಿಕ್ಕು ಬೀಳುತ್ತಿರಲಿಲ್ಲ. ಪಕ್ಕದ ಮನೆಯವರು ತಮ್ಮ ಹೊಸ ಸೊಸೆಯನ್ನು ಕರೆತಂದು "ಇವರ ಕೈ ನೋಡಿ ಕಲಿ" ಎಂದು ಕೂಡಿಸಿ ಹೋಗುತ್ತಿದ್ದರು.

ಬೇಸಿಗೆ ಬಂದರೆ ಆರ್ಟ್ ಸಿಲ್ಕಿನ ಎಳೆಗಳಿಗೆ ಹುಚ್ಚು ಹಿಡಿಯುತ್ತಿತ್ತು. ಒಂದಕ್ಕೊಂದು ಮುನಿಸಿಕೊಂಡು ದೂರ ಸರಿಯುತ್ತಿದ್ದವು, ಕೈ ಹತ್ತಿರ ಒಯ್ದರೆ ಹಾರಿ ಬಂದು ಅಂಟುತ್ತಿದ್ದವು. "ಎಳಿ ಹಾರಾಕತ್ತಾವು, ನೀರ್ ಹೊಡಿ" ಎಂದು ಅಪ್ಪ ಕೂಗಿದರೆ ಅವ್ವ ಮಗ್ಗದ ಕೆಳಗೆ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಳು. ಎಳೆಗಳು ಸುಮ್ಮನಾಗುತ್ತಿದ್ದವು. ಒಣ ಹವೆಯಲ್ಲಿ ಉಜ್ಜಿದ ಎಳೆಗಳಿಗೆ ವಿದ್ಯುದಾವೇಶ ಬರುತ್ತದೆ, ಹವೆಗೆ ತೇವ ಬಂದರೆ ಅದು ಸೋರಿ ಹೋಗುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷದ ಮೇಲೆ. ಸ್ಥಾಯೀ ವಿದ್ಯುತ್ತಿನ ಪೂರ್ತಿ ಪಾಠ ನಮ್ಮ ಪಡಸಾಲೆಯಲ್ಲಿ ತಂಬಿಗೆ ಹಿಡಿದು ನಿಂತಿತ್ತು, ನಾನು ಅದನ್ನು ಬಿಟ್ಟು ಬಾಚಣಿಕೆಗೆ ಕಾಗದದ ಚೂರು ಅಂಟಿಸುತ್ತಾ ಕೂತಿದ್ದೆ.

ನಾನೂ ಕಂಡಿಕೆ ಸುತ್ತುತ್ತಿದ್ದೆ. ಆದರೆ ನಾನು ಎಡಚಿ. ಊಟಕ್ಕೆ ಮಾತ್ರ ಅಜ್ಜಿ ಬೆರಳ ಗಂಟಿಗೆ ಹೊಡೆದು ಬಲಗೈ ಮಾಡಿಸಿದ್ದಳು, ಉಳಿದ ಎಲ್ಲ ಕೆಲಸವೂ ಎಡಗೈಯದೇ. ರಾಟಿಯ ಮುಂದೆ ಕೂತರೆ ಹಿಡಿಕೆಗೆ ಎಡಗೈ ಅಡ್ಡ ಚಾಚಬೇಕಾಗುತ್ತಿತ್ತು. ಹಾಗಾಗಿ ಅವ್ವ ಚಕ್ರವನ್ನು ಮುಂದಕ್ಕೆ ತಳ್ಳಿ ತಿರುಗಿಸಿದರೆ, ನಾನು ನನ್ನತ್ತ ಎಳೆದುಕೊಂಡು ತಿರುಗಿಸುತ್ತಿದ್ದೆ. ಆಕೆಯ ಚಕ್ರ ಒಂದು ದಿಕ್ಕಿಗೆ, ನನ್ನದು ಅದರ ವಿರುದ್ಧ ದಿಕ್ಕಿಗೆ. ಮನೆಯಲ್ಲಿ ಯಾರೂ ಇದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ನೂಲಿಗೆ ಎತ್ತ ಸುತ್ತಿದರೂ ಅಷ್ಟೇ. ಲಾಳಿಯೊಳಗಿನಿಂದ ಅದು ಬಿಚ್ಚಿಕೊಂಡು ಬರುತ್ತದೆ, ಸೀರೆಯಾಗುತ್ತದೆ, ಯಾವ ಎಳೆಯನ್ನು ಬಲಗೈಯವರು ಸುತ್ತಿದ್ದು, ಯಾವುದನ್ನು ಎಡಗೈಯವರು ಸುತ್ತಿದ್ದು ಎಂದು ಉಟ್ಟವರು ಕೇಳುವುದಿಲ್ಲ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ, ಅದಕ್ಕೇ ಇಷ್ಟೆಲ್ಲ ಆದದ್ದು.

ಅಯಸ್ಕಾಂತದ ಹುಚ್ಚು ನನಗೆ ಹಿಡಿದದ್ದು ಶಿರಹಟ್ಟಿಯಲ್ಲಿ. ಅಲ್ಲಿ ನಮ್ಮ ಕಾಕಾನ ಮನೆಯ ಅಟ್ಟದ ಮೇಲೆ ಕೆಟ್ಟ ರೇಡಿಯೊ ಒಂದಿತ್ತು. ಶಾಲೆಯ ಸೂಟಿಯಲ್ಲಿ ಹೋದಾಗ ಅದರ ಸ್ಪೀಕರನ್ನು ಬಿಚ್ಚಿ, ಹಿಂದಿನ ದುಂಡನೆಯ ಕಪ್ಪು ಅಯಸ್ಕಾಂತವನ್ನು ಲಂಗದ ಜೇಬಿಗೆ ಸೇರಿಸಿದೆ. ದಾರ ಕಟ್ಟಿ ಹಳ್ಳದ ಮರಳಿನಲ್ಲಿ ಎಳೆದುಕೊಂಡು ಹೋದರೆ ಅದಕ್ಕೆ ಕಪ್ಪನೆಯ ಗಡ್ಡ ಬೆಳೆಯುತ್ತಿತ್ತು. ಆ ಕಬ್ಬಿಣದ ಪುಡಿಯನ್ನು ಕಾಗದದ ಮೇಲೆ ಉದುರಿಸಿ ಕೆಳಗೆ ಅಯಸ್ಕಾಂತ ಹಿಡಿದಾಗ ಪುಡಿ ತಾನಾಗಿಯೇ ಎದ್ದು ಗೆರೆಗೆರೆಯಾಗಿ ನಿಂತಿತಲ್ಲ, ಆ ಗಳಿಗೆ ನನಗೆ ಇವತ್ತಿಗೂ ಹಳತಾಗಿಲ್ಲ. ಕಣ್ಣಿಗೆ ಕಾಣದ್ದು ಒಂದು ಇಲ್ಲಿದೆ, ಅದು ತನ್ನ ದಾರಿಯನ್ನು ಪುಡಿಯಿಂದ ಬರೆದು ತೋರಿಸುತ್ತಿದೆ! "ಕಾಕಾ, ಬಾರೋ ಇಲ್ಲೆ!" ಎಂದು ಸಂತೋಷದಲ್ಲಿ ಕೂಗಿ ನನ್ನ ಕಳವನ್ನು ನಾನೇ ಬಯಲು ಮಾಡಿಕೊಂಡೆ.

ಹತ್ತನೆಯ ತರಗತಿಗೆ ಬಂದಾಗ ಆ ಹುಚ್ಚಿಗೆ ಹೊಸಮನಿ ಸರ್ ಸಿಕ್ಕರು. ಲಕ್ಷ್ಮೇಶ್ವರದವರು. ದಿನಾ ಮುಳಗುಂದದ ಮೇಲಿನ ಬಸ್ಸಿಗೆ ನಮ್ಮ ಶಾಲೆಗೆ ಬರುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ದಿಕ್ಸೂಚಿ. ಅದನ್ನು ಹೊರತೆಗೆದು, ಮುಳ್ಳು ನಿಲ್ಲುವವರೆಗೆ ಕಾದು, "ಉತ್ತರ ಅಲ್ಲೇ ಐತಿ ನೋಡ್ರಿ, ನಿನ್ನೆ ಇದ್ದಲ್ಲೇ" ಎಂದು ಹೇಳಿಯೇ ಹಾಜರಿ ಕರೆಯುತ್ತಿದ್ದರು. ವಿದ್ಯುತ್ ಹರಿಯುವ ತಂತಿಯನ್ನು ದಿಕ್ಸೂಚಿಯ ಮೇಲೆ ಹಿಡಿದು, ಮುಳ್ಳು ತಟ್ಟನೆ ತಿರುಗಿದಾಗ ಅವರು ನಮಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದರು. ಪ್ರತಿ ವರ್ಷ ತೋರಿಸುವವರು, ಪ್ರತಿ ವರ್ಷವೂ ಚಪ್ಪಾಳೆ.

ಅವರದೊಂದು ಪದ್ಧತಿ ಇತ್ತು. ಪ್ರಯೋಗದ ಸಾಮಾನನ್ನು ಅಂಗಡಿಯಿಂದ ಕೊಂಡು ತರಬಾರದು, ಮನೆಯ ಕೆಲಸದಲ್ಲಿ ಹುಡುಕಬೇಕು. ಮಾಡಲು ಕೈಜೋಡಿಸಿದವರನ್ನು ಆ ದಿನ ಶಾಲೆಗೆ ಕರೆತರಬೇಕು. ವಿದ್ಯುತ್ಕಾಂತದ ಪಾಠ ಬಂದಾಗ ನನ್ನ ಕಡೆ ನೋಡಿ, "ಗಿರಿಜಾ, ನಿಮ್ಮ ಮನ್ಯಾಗ ಸುತ್ತೂದs ಕೆಲಸ. ಮೊಳಿಗೆ ತಂತಿ ಸುತ್ತಿ ಕರೆಂಟ್ ಬಿಡು. ಸುತ್ತು ಹೆಚ್ಚಿದ್ದಷ್ಟೂ ಬಲ ಹೆಚ್ಚು. ನಿಮ್ಮವ್ವಗ ಹೇಳು, ಸಾಲಿಗೆ ಬರ್ರಿ ಅಂತ" ಎಂದರು.

ಅವ್ವ ಅಕ್ಷರ ಕಲಿತವಳಲ್ಲ. ಶಾಲೆಯ ಒಳಗೆ ಕಾಲಿಟ್ಟವಳೂ ಅಲ್ಲ. ನಾನು ಬಂದು ಹೇಳಿದಾಗ ನಕ್ಕಳು. ಆಮೇಲೆ ಎರಡು ಸಲ ಕೇಳಿದಳು: "ನನ್ನs ಕರದಾರೇನು? ಅಪ್ಪನ್ನಲ್ಲ?"

ಮೋಟರ್ ರಿವೈಂಡಿಂಗ್ ಅಂಗಡಿಯವರು ಉಳಿದ ತುಂಡುಗಳೆಂದು ಪುಕ್ಕಟೆ ಕೊಟ್ಟ ತಾಮ್ರದ ತಂತಿಯನ್ನು ರಾಟಿಗೆ ಹಚ್ಚಿದ್ದು ಒಂದು ಭಾನುವಾರದ ಬೆಳಿಗ್ಗೆ. ಅವ್ವ ತಂತಿಯನ್ನು ಬೆರಳಲ್ಲಿ ತೀಡಿ ನೋಡಿ, "ನೂಲಿನಕ್ಕಿಂತ ಚಲೋ ಮಾತ ಕೇಳತೈತಿ" ಎಂದಳು. ಕದಿರಿಗೆ ಬಿದಿರಿನ ಕಂಡಿಕೆ ಸಿಕ್ಕಿಸಿ ಸುತ್ತತೊಡಗಿದಳು. ಒಂದು ಸುತ್ತಿನ ಮೇಲೆ ಇನ್ನೊಂದು ಏರಲಿಲ್ಲ, ನಡುವೆ ಕೂದಲೆಳೆಯಷ್ಟು ಸಂದು ಬೀಳಲಿಲ್ಲ. ಬಾಯಲ್ಲೇ ಎಣಿಸುತ್ತಾ ಇನ್ನೂರು ಸುತ್ತು ಮುಗಿಸುವಷ್ಟರಲ್ಲಿ ತಂತಿ ಪಟಕ್ಕನೆ ಹರಿಯಿತು. ಅವ್ವ ಅದಕ್ಕೆ ಇನ್ನೊಂದು ತುಂಡಿನ ತುದಿ ಸೇರಿಸಿ, ನೂಲಿಗೆ ಹಾಕುವ ಪುಟ್ಟ ಗಂಟನ್ನೇ ಹಾಕಿದಳು. ತಂತಿಗೆ ಹಚ್ಚಿದ ಬಣ್ಣ ಕರೆಂಟನ್ನು ತಡೆಯುತ್ತದೆ ಎಂದು ನಾನು ಓದಿದ್ದೆ. ಬ್ಲೇಡಿನಿಂದ ಗಂಟನ್ನು ಕೆರೆದು ಹೊಳಪು ಬರಿಸಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಅಷ್ಟರಲ್ಲಿ ಮಗ್ಗದಿಂದ ಅಪ್ಪನ ದನಿ ಬಂತು. "ಏ, ಕಂಡಿಕಿ ಮುಗದ್ವು, ಜಲ್ದಿ ತಾ!"

ಅವ್ವ ಎದ್ದಳು. "ಉಳದದ್ದು ನೀ ಸುತ್ತು. ನಾ ಸುತ್ತಿದ್ದರ ಮ್ಯಾಲೇ ಇನ್ನೂರ ಹಾಕು" ಎಂದು ಹೇಳಿ ಹೋದಳು. ನಾನು ರಾಟಿಯ ಮುಂದೆ ಕೂತೆ. ಗಂಟನ್ನು ಬಲಗೈಯಲ್ಲಿ ಒತ್ತಿ ಹಿಡಿದೆ. ಎಡಗೈಯಿಂದ ಹಿಡಿಕೆಯನ್ನು, ಯಾವತ್ತಿನ ಹಾಗೆ, ನನ್ನತ್ತ ಎಳೆದುಕೊಂಡೆ.

ಮರುದಿನ ಅವ್ವ ತಾನೇ ನೇಯಿಸಿದ ಅಂಚಿನ ಸೀರೆ ಉಟ್ಟು ಶಾಲೆಗೆ ಬಂದಳು. ಹೊಸಮನಿ ಸರ್ ಕುರ್ಚಿ ತರಿಸಿ, "ಕುಂಡ್ರಿ ಅವ್ವಾರ" ಎಂದರು. ಅವ್ವ ಅದರ ತುದಿಯಲ್ಲಿ ಕೂತಳು. ಇಡೀ ತರಗತಿ ಮೇಜಿನ ಸುತ್ತ ಮುತ್ತಿತ್ತು. ಕಂಡಿಕೆಯ ಕೊಳವೆಯಲ್ಲಿ ಮೊಳೆ, ಕೆಳಗೆ ಗುಂಡುಪಿನ್ನುಗಳ ರಾಶಿ, ಮೂರು ಟಾರ್ಚ್ ಸೆಲ್ಲು. ನಾನು ತಂತಿಯ ತುದಿಗಳನ್ನು ಸೆಲ್ಲಿಗೆ ಮುಟ್ಟಿಸಿದೆ.

ಒಂದು ಪಿನ್ನೂ ಅಲ್ಲಾಡಲಿಲ್ಲ.

ಸೆಲ್ಲು ಬದಲಿಸಿದೆವು. ತುದಿ ಕೆರೆದೆವು. ಸರ್ ತಂತಿ ಮುಟ್ಟಿ, "ಬಿಸಿ ಆಗೇತಲ್ಲೋ! ಕರೆಂಟ್ ಹರೀಲಿಕತ್ತೈತಿ. ಹಂಗಾರ ಬಲ ಎಲ್ಲಿ ಹೋತು?" ಎಂದು ಹುಬ್ಬು ಗಂಟಿಕ್ಕಿದರು. ಮೊಳೆ ಸರಿಯಿತ್ತು, ತರಗತಿಯ ಬೇರೊಬ್ಬ ಹುಡುಗಿಯ ತಂತಿ ಸುತ್ತಿದಾಗ ಅದೇ ಮೊಳೆ ಪಿನ್ನು ಎತ್ತಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನ್ನ ಕಿವಿ ಕೆಂಪಾಯಿತು. ಆಗ ನನ್ನ ಬಾಯಿಂದ ಆ ಮಾತು ಬಂತು.

"ನಮ್ಮವ್ವ ಸುತ್ತಿದ್ದು ಸರ್ ಅದು."

ಸುಳ್ಳಲ್ಲ, ಅರ್ಧ ನಿಜ. ಅರ್ಧ ನಿಜವನ್ನು ಅಷ್ಟು ಚೆನ್ನಾಗಿ ಹೇಳುವುದನ್ನು ನಾನು ಎಲ್ಲಿ ಕಲಿತಿದ್ದೆನೋ. ಅವ್ವ ಎದ್ದು ಬಂದು ಕಂಡಿಕೆಯನ್ನು ಕೈಯಲ್ಲಿ ತೆಗೆದುಕೊಂಡು ಒಮ್ಮೆ ತಿರುಗಿಸಿ ನೋಡಿದಳು. ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಹಾಕಿಕೊಂಡಳು. ಸರ್ ಮಾತ್ರ ಕಂಡಿಕೆಯನ್ನು ನನ್ನ ಕೈಗೆ ಕೊಟ್ಟು, "ಇದು ಸೋತದ್ದಲ್ಲ, ಇದೊಂದು ಪ್ರಶ್ನಿ ಐತಿ. ಬಿಚ್ಚಬ್ಯಾಡ, ಇಟಗೊ. ಒಂದಿನ ಉತ್ತರ ಸಿಗತೈತಿ" ಎಂದರು.

ಅವತ್ತಿನಿಂದ ಅವ್ವ ಕರೆಂಟು ಹಚ್ಚುವ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಉತ್ಪ್ರೇಕ್ಷೆ ಅಲ್ಲ, ಕೇಳಿ. ಮನೆಗೆ ಮಿಕ್ಸರ್ ಬಂತು, ಆಕೆ ಒರಳಿನಲ್ಲೇ ಚಟ್ನಿ ಕುಟ್ಟಿದಳು. ಮೊಬೈಲು ಬಂತು, ಮಾತಾಡುತ್ತಾಳೆ, ಚಾರ್ಜಿಗೆ ಹಾಕುವವಳು ನಾನು. ದೀಪದ ಬಟನ್ನು ಒತ್ತಲು ಪಕ್ಕದ ಮನೆಯವರನ್ನು ಕರೆಯುತ್ತಾಳೆ. "ನನ್ನ ಕೈಗೆ ಕರೆಂಟ್ ಆಗಿ ಬರೂದಿಲ್ಲವ್ವ" ಎಂದು ಬಂದವರಿಗೆಲ್ಲ ನಗುತ್ತಾ ಹೇಳುತ್ತಾಳೆ. ಅಪ್ಪ ಹೋದ ಮೇಲೆ, ಮಗ್ಗ ಹೋದ ಮೇಲೆ, ಈಗ ಮನೆಯಲ್ಲಿ ನಾವಿಬ್ಬರೇ. ಏಪ್ರಿಲ್ಲಿನ ಉರಿಬಿಸಿಲಿನಲ್ಲಿ ನಾನು ಬೆಳಿಗ್ಗೆ ಫ್ಯಾನು ಹಚ್ಚಿಟ್ಟು ಹೋಗುತ್ತೇನೆ. ನಡುವೆ ಪಕ್ಕದ ಮನೆಯವರು ಬಂದು ಅಭ್ಯಾಸಬಲದಿಂದ ಆರಿಸಿ ಹೋದರೆ ಮುಗಿಯಿತು, ಬರೀ ಗಾಳಿಗಾಗಿ ಆಕೆ ಅವರನ್ನು ಮತ್ತೆ ಕರೆಯುವುದಿಲ್ಲ. ನಾನು ಮುಂಡರಗಿಯಿಂದ ಬರುವಷ್ಟರಲ್ಲಿ ಅವ್ವ ನಿಂತ ಫ್ಯಾನಿನ ಕೆಳಗೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿರುತ್ತಾಳೆ.

"ಬಂದಿ? ಆ ಫ್ಯಾನ್ ಒಂದೀಟ ಹಚ್ಚವ್ವ."

ಊರ ಮಕ್ಕಳಿಗೆಲ್ಲ ಕರೆಂಟಿನ ಭಯ ಬಿಡಿಸುವ ಟೀಚರಮ್ಮನ ಮನೆಯ ಕತೆ ಇದು.

ಉತ್ತರ ನನಗೆ ಎಂದೋ ಸಿಕ್ಕಿತ್ತು, ಅದೇ ದೊಡ್ಡ ನಾಚಿಕೆ. ಗದಗಿನಲ್ಲಿ ಪಿಯುಸಿ ಓದುವಾಗ ಬಲಗೈ ಹೆಬ್ಬೆರಳಿನ ನಿಯಮ ಬಂತು. ಸುರುಳಿಯಲ್ಲಿ ಕರೆಂಟು ಹರಿಯುವ ದಿಕ್ಕಿಗೆ ಬಲಗೈಯ ಬೆರಳು ಮಡಚಿದರೆ, ಹೆಬ್ಬೆರಳು ತೋರಿಸುವುದು ಕಾಂತಕ್ಷೇತ್ರದ ದಿಕ್ಕು. ಬಲಗೈಯವರೆಲ್ಲ ಬಲಗೈಯಲ್ಲಿ ಪೆನ್ನು ಹಿಡಿದು, ಮರೆತು ಎಡಗೈ ಮಡಚಿ, ಉತ್ತರವನ್ನೆಲ್ಲ ತಿರುವು ಮುರುವು ಬರೆಯುತ್ತಿದ್ದರು. ನನ್ನ ಪೆನ್ನು ಎಡಗೈಯಲ್ಲಿ, ಬಲಗೈ ಆರಾಮಾಗಿ ಖಾಲಿ. ಎಡಚಿಯಾಗಿ ಹುಟ್ಟಿದ್ದಕ್ಕೆ ಜೀವನದಲ್ಲಿ ಸಿಕ್ಕ ಒಂದೇ ಲಾಭ. ಗರ್ವದಿಂದ ಬೆರಳು ಮಡಚುತ್ತಾ ಕೂತಿದ್ದೆ. ಈ ಕಡೆ ಸುತ್ತಿದರೆ ಹೆಬ್ಬೆರಳು ಮೇಲೆ. ಆ ಕಡೆ ಸುತ್ತಿದರೆ ಹೆಬ್ಬೆರಳು ಕೆಳಗೆ. ಈ ಕಡೆ ಇನ್ನೂರು, ಆ ಕಡೆ ಇನ್ನೂರು...

"ಸೊನ್ನೆ!" ಎಂದು ಕೂಗಿ ಎದ್ದು ನಿಂತೆ. ಉಪನ್ಯಾಸಕರ ಕೈಯಿಂದ ಸೀಮೆಸುಣ್ಣ ಬಿತ್ತು.

ಅವ್ವನ ಇನ್ನೂರು ಸುತ್ತು ಮೇಲಕ್ಕೆ ಎಳೆಯುತ್ತಿದ್ದವು. ಅದರ ಮೇಲೆಯೇ ಕೂತ ನನ್ನ ಇನ್ನೂರು ಸುತ್ತು ಅಷ್ಟೇ ಬಲದಿಂದ ಕೆಳಕ್ಕೆ. ಕರೆಂಟು ಹರಿಯುತ್ತಿತ್ತು, ತಂತಿ ಬಿಸಿಯಾಗುತ್ತಿತ್ತು, ಅಯಸ್ಕಾಂತ ಮಾತ್ರ ಹುಟ್ಟುತ್ತಿದ್ದಲ್ಲೇ ಸಾಯುತ್ತಿತ್ತು. ಎಂಥ ಚೆಂದದ ಉತ್ತರ! ನನಗೆ ತರಗತಿಯಲ್ಲಿ ಕೂರಲಾಗಲಿಲ್ಲ. ಗದಗಿನಿಂದ ಬೆಟಗೇರಿಗೆ ಸಿಟಿ ಬಸ್ಸಿಗೂ ಕಾಯದೆ ಓಡುತ್ತಾ ನಡೆಯುತ್ತಾ ಮನೆ ತಲುಪಿದೆ. ಅವ್ವ ರಾಟಿಯ ಮುಂದೆ ಇದ್ದಳು.

"ಯಾಕವ್ವ, ಇಷ್ಟ ಓಡಿ ಬಂದಿ?"

ಹೇಳಬೇಕೆಂದು ಬಾಯಿ ತೆರೆದೆ. ಉತ್ತರ ಹೇಳಬೇಕೆಂದರೆ "ತಪ್ಪು ನನ್ನದು, ನಿನ್ನ ಮೇಲೆ ಹಾಕಿದೆ" ಎಂಬುದನ್ನೂ ಹೇಳಬೇಕಿತ್ತು. "ಹಸಿವಾಗೇತಿ" ಎಂದೆ. ಆಕೆ ಎದ್ದು ರೊಟ್ಟಿ ಕೊಟ್ಟಳು. ನಾನು ತಿಂದೆ. ನಾಳೆ ಹೇಳಿದರಾಯಿತು ಎಂದುಕೊಂಡೆ, ಆ ನಾಳೆಗೆ ವರ್ಷಗಳು ಸೇರಿದವು. ಆಮೇಲೆ ಇಷ್ಟು ಹಳೆಯ ಮಾತನ್ನು ಈಗ ಯಾಕೆ ಎಂಬ ನೆಪ ಸಿಕ್ಕಿತು.

ಆದರೆ ತರಗತಿಯಲ್ಲಿ ಮಾತ್ರ ನಾನು ಇದನ್ನು ಪ್ರತಿ ವರ್ಷ ಹೇಳುತ್ತೇನೆ. ಕಂಡಿಕೆಯನ್ನು ಮೇಜಿನ ಮೇಲಿಟ್ಟು, ಕರೆಂಟು ಬಿಟ್ಟು, ಪಿನ್ನು ಏಳದೇ ಇದ್ದಾಗ ಮಕ್ಕಳ ಮುಖ ನೋಡುವುದೇ ನನಗೆ ಹಬ್ಬ. ಒಬ್ಬಳು ಸೆಲ್ಲು ಸತ್ತಿದೆ ಎನ್ನುತ್ತಾಳೆ, ಇನ್ನೊಬ್ಬ ಮೊಳೆ ಹಿತ್ತಾಳೆಯದು ಎನ್ನುತ್ತಾನೆ, ಕೊನೆಗೆ ಯಾರಾದರೂ ಒಬ್ಬರು ತಂತಿಯ ಗಂಟನ್ನು ಮೂಗಿನ ಹತ್ತಿರ ಹಿಡಿದು "ಟೀಚರ್, ಎರಡು ದಿಕ್ಕು!" ಎಂದು ಚೀರುತ್ತಾರೆ. ಆಗ ನಾನು ಕತೆ ಹೇಳುತ್ತೇನೆ, "ಒಂದೂರಾಗ ಒಬ್ಬ ಎಡಚಿ ಹುಡುಗಿ ಇದ್ಲು" ಎಂದು. ಆ ಹುಡುಗಿ ಯಾರು ಎಂದು ಹೇಳುವುದಿಲ್ಲ. ನನ್ನ ಎಡಗೈಯಲ್ಲಿ ಸೀಮೆಸುಣ್ಣ ಇರುವುದನ್ನು ಮಕ್ಕಳು ನೋಡುವುದಿಲ್ಲ ಎಂದು ನಂಬಿದ್ದೆ.

ಈ ವರ್ಷ ಸಲ್ಮಾ ಎಂಬ ಹುಡುಗಿ ಕತೆ ಮುಗಿದ ಮೇಲೂ ಕೈ ಎತ್ತಿಕೊಂಡೇ ಇದ್ದಳು.

"ಏನ್ ಸಲ್ಮಾ?"

"ಟೀಚರ್, ಆ ಹುಡುಗಿ ಆಮ್ಯಾಲೆ ಅವರವ್ವಗ ಹೇಳಿದ್ಲೇನ್ರಿ?"

ಇಡೀ ತರಗತಿ ನನ್ನ ಎಡಗೈ ನೋಡುತ್ತಿತ್ತು. ಗಂಟೆ ಹೊಡೆಯಿತು. ಗಂಟೆಗೆ ಅಷ್ಟು ಕೃತಜ್ಞಳಾದದ್ದು ನಾನು ವಿದ್ಯಾರ್ಥಿಯಾಗಿದ್ದಾಗಲೂ ಇಲ್ಲ.

ಅವತ್ತು ಸಂಜೆಯ ಬಸ್ಸಿನಲ್ಲಿ ಗಾಳಿಯಂತ್ರ ನೋಡಲಿಲ್ಲ. ಮನೆಗೆ ಬಂದರೆ ಅದೇ ದೃಶ್ಯ. ನಿಂತ ಫ್ಯಾನು, ಬೀಸುವ ಬೀಸಣಿಗೆ.

"ಬಂದಿ? ಆ ಫ್ಯಾನ್ ಒಂದೀಟ..."

"ತಡಿಯವ್ವ" ಎಂದು ಚೀಲ ಕೂಡ ಇಳಿಸದೆ ಆಕೆಯ ಮುಂದೆ ಕೂತೆ. ಕರವಸ್ತ್ರ ಬಿಚ್ಚಿ ಕಂಡಿಕೆಯನ್ನು ಆಕೆಯ ಕೈಯಲ್ಲಿಟ್ಟೆ. ಏನು, ಎತ್ತ ಎಂದು ಶುರು ಮಾಡುವ ಮೊದಲೇ ಅವ್ವ ಅದರ ಮೇಲೆ ಹೆಬ್ಬೆರಳು ಆಡಿಸಿ ಹೇಳಿದಳು:

"ಇನ್ನೂ ಇಟ್ಟೀದೇನು ಇದನ್ನ? ಒಳಗಿಂದು ನಂದು. ಮ್ಯಾಲಿಂದು ನಿಂದು. ತಿರುವಿ ಸುತ್ತೀದಿ."

"ನಿಂಗ ಗೊತ್ತಿತ್ತಾ?"

"ಗೊತ್ತಾಗಲಾರದಕ್ಕ ಏನವ್ವ? ಅವತ್ತs ಸಾಲ್ಯಾಗ ಕೈಯಾಗ ಹಿಡದಾಗ ಕಂಡಿತ್ತು. ನೀ ಹುಟ್ಟಾ ಎಡಚಿ, ನೀ ಯಾವಾಗ ಸೀದಾ ಸುತ್ತೀದಿ?"

"ಹಂಗಾರ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ನೂಲಿಗೆ ಎತ್ತ ಸುತ್ತಿದ್ರೂ ನಡೀತೈತಿ. ತಾಮ್ರಕ್ಕ ನಡ್ಯಾಂಗಿಲ್ಲ ಅಂತ ನಂಗೇನ ಗೊತ್ತು? ನಾನs ಏನೋ ಕೆಡಿಸಿರಬೇಕಂತ ಸುಮ್ಮನಾದೆ."

ನೋಡಿ, ಹೇಗಿದೆ! ದಿಕ್ಕು ತಪ್ಪಿದ್ದು ಆಕೆಗೆ ಕಂಡಿತ್ತು, ಅದರಿಂದ ಏನಾಗುತ್ತದೆಂದು ಗೊತ್ತಿರಲಿಲ್ಲ. ಏನಾಗುತ್ತದೆಂದು ನನಗೆ ಗೊತ್ತಾಯಿತು, ಬಾಯಿ ಬರಲಿಲ್ಲ. ಒಂದು ಮಾತಿನಲ್ಲಿ ಮುಗಿಯುವುದನ್ನು ಇಬ್ಬರೂ ಸೇರಿ ಇಷ್ಟು ವರ್ಷ ಎಳೆದಿದ್ದೆವು.

"ನಿಂದೇನೂ ತಪ್ಪಿಲ್ಲವ್ವಾ" ಎಂದೆ. "ನಂದು ತಪ್ಪು. ಎಲ್ಲಾರ ಮುಂದ ನಿನ್ನ ಮ್ಯಾಲೆ ಹಾಕಿದೆ. ಪಿಯುಸಿ ಒಳಗs ಗೊತ್ತಾಗಿತ್ತು, ಹೇಳಾಕ ಧೈರ್ಯ ಬರಲಿಲ್ಲ."

ಅವ್ವ ತಂತಿಯ ತುದಿಯನ್ನು ನನ್ನ ಕೈಗೆ ಕೊಟ್ಟು, "ಬಿಚ್ಚು" ಎಂದಳು. ಆಕೆ ಕಂಡಿಕೆ ಹಿಡಿದಳು, ನಾನು ಎಳೆದೆ. ಬಿಚ್ಚಬೇಡ ಎಂದಿದ್ದ ಹೊಸಮನಿ ಸರ್ ಮನಸ್ಸಿನಲ್ಲೇ ಕ್ಷಮಿಸಲಿ. ನನ್ನ ಸುತ್ತುಗಳು ಒಂದೊಂದಾಗಿ ಜಾರಿ ಮಡಿಲಲ್ಲಿ ಸುರುಳಿಯಾಗಿ ಬಿದ್ದವು. ನೂರಾಯಿತು, ನೂರೈವತ್ತಾಯಿತು, ಇನ್ನೂರಾಯಿತು. ಗಂಟು ಬಂತು. ಅವ್ವ ಹಾಕಿದ ಪುಟ್ಟ ಗಂಟು, ನಾನು ಬ್ಲೇಡಿನಿಂದ ಕೆರೆದ ಹೊಳಪು ಮಾಸಿತ್ತು, ಹಿಡಿತ ಸಡಿಲಾಗಿರಲಿಲ್ಲ. ಅಲ್ಲಿಗೆ ಕತ್ತರಿಸಿ, ತುದಿಯನ್ನು ಮತ್ತೆ ಕೆರೆದೆ. ಈಗ ಉಳಿದದ್ದು ಅವ್ವನ ಇನ್ನೂರು ಸುತ್ತು ಮಾತ್ರ.

ಚೀಲದಿಂದ ಸೆಲ್ಲುಗಳನ್ನು ತೆಗೆದೆ. ಪಿನ್ನುಗಳನ್ನು ಅಯಸ್ಕಾಂತದ ಹಿಡಿತದಿಂದ ಬಿಡಿಸಿ ತಟ್ಟೆಯಲ್ಲಿ ಹಾಕಿದೆ. ತಂತಿಯ ತುದಿಗಳನ್ನು ಅವ್ವನ ಎರಡು ಕೈಗೆ ಕೊಟ್ಟೆ.

"ನಾ ಮುಟ್ಟಾಂಗಿಲ್ಲವ್ವ!"

"ಇದು ಟಾರ್ಚಿನ ಸೆಲ್ಲು ಅವ್ವಾ, ಏನೂ ಮಾಡಾಂಗಿಲ್ಲ. ನೀ ಸುತ್ತಿದ್ದು, ನೀನs ಹಚ್ಚಬೇಕು."

ಅವ್ವ ಕಣ್ಣು ಮುಚ್ಚಿಕೊಂಡು ಮುಟ್ಟಿಸಿದಳು. ಪಿನ್ನುಗಳು ತಟ್ಟೆಯಿಂದ ಎದ್ದು ಹಾರಿ ಮೊಳೆಗೆ ಅಂಟಿದವು. ಒಂದಲ್ಲ, ಎರಡಲ್ಲ, ಗೊಂಚಲು ಗೊಂಚಲು! ಸದ್ದಿಗೆ ಅವ್ವ ಕಣ್ಣು ಬಿಟ್ಟು, "ಅಯ್ಯ ಶಿವನ!" ಎಂದು ತಂತಿ ಬಿಟ್ಟಳು. ಪಿನ್ನುಗಳು ಜಲಜಲನೆ ಉದುರಿದವು. ಮತ್ತೆ ಮುಟ್ಟಿಸಿದಳು, ಎದ್ದವು. ಬಿಟ್ಟಳು, ಬಿದ್ದವು. ನಾನು ಕೂತಲ್ಲೇ ಚಪ್ಪಾಳೆ ತಟ್ಟುತ್ತಿದ್ದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವ್ವನಿಗೆ ನನ್ನ ಕಡೆ ನೋಡಲು ಪುರಸೊತ್ತಿರಲಿಲ್ಲ. ತಟ್ಟೆಯ ಪಿನ್ನು ಸಾಲದೆ ನನ್ನ ಉಗುರು ಕತ್ತರಿಯನ್ನೂ ಎತ್ತಿ ನೋಡಿದಳು, ಸೂಜಿ ಡಬ್ಬಿ ತರಿಸಿದಳು. ಸೆಲ್ಲು ಬಿಸಿಯಾಗಿ ನಾನೇ ಬಿಡಿಸಬೇಕಾಯಿತು.

ಆಮೇಲೆ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. ನಾನು ಫ್ಯಾನು ಹಚ್ಚಲು ಏಳುತ್ತಿದ್ದೆ.

"ಕುಂದ್ರು" ಎಂದಳು.

ಗೋಡೆ ಹಿಡಿದು ಎದ್ದಳು. ನಿಧಾನಕ್ಕೆ ಸ್ವಿಚ್ ಬೋರ್ಡಿನ ಹತ್ತಿರ ಹೋದಳು. ಒಂದು ಗಳಿಗೆ ನಿಂತು, ಬಲಗೈಯ ಹೆಬ್ಬೆರಳಿನಿಂದ ಬಟನ್ನು ಒತ್ತಿದಳು. ಫ್ಯಾನು ಕಿರ್ರೆಂದು, ಆಮೇಲೆ ಗಾಳಿ ಕತ್ತರಿಸುತ್ತಾ ತಿರುಗಿತು. ಅವ್ವ ಅಲ್ಲೇ ನಿಂತು ತಲೆ ಎತ್ತಿ ನೋಡುತ್ತಿದ್ದಳು.

"ಇದರ ಹೊಟ್ಯಾಗೂ ಕಂಡಿಕಿ ಇರತೈತೇನು?"

"ಇರತೈತವ್ವಾ. ತಾಮ್ರದ್ದು."

ಇನ್ನಷ್ಟು ಹೊತ್ತು ನೋಡಿದಳು.

"ಯಾರ ಸುತ್ಯಾರೋ" ಎಂದಳು, "ಚಲೋ ಸುತ್ಯಾರ."